ತುಂಗಕ್ಕನ ಎರಡು ಜರಡಿ

ತುಂಗಕ್ಕನನ್ನು ನಾನು ಮೊದಲು ನೋಡಿದ್ದು ಕೆಂಗೇರಿಯ ನಮ್ಮ ಲ್ಯಾಬಿನ ಬಾಗಿಲಲ್ಲಿ, ಜೂನ್ ತಿಂಗಳ ಒಂದು ಸೋಮವಾರ, ಒಂಬತ್ತಕ್ಕೆ ಐದು ನಿಮಿಷ ಇರುವಾಗ. ನೀಲಿ ಕೋಟು, ಅದರ ಜೇಬಿನಲ್ಲಿ ಮಾರ್ಕರ್ ಪೆನ್ನು. ನನ್ನ ಕಾಲು ನೋಡಿ, "ಹೊಸ ಸಾರಾ? ಚಪ್ಪಲಿ ಆಚೆ ಬಿಡಿ. ಒಳಗಡೆಗೆ ಬೇರೆ ಐತೆ" ಎಂದರು. ನಮ್ಮ ಮನೆಯಲ್ಲಿ ಡಿಗ್ರಿ ಓದಿದ ಮೊದಲಿಗ ನಾನು. ಆ ದಿನ ನನಗೆ ಅರ್ಥವಾದ ಮಾತು ಅದೊಂದೇ.

ಅವರು ಕಾಮಾಕ್ಷಿಪಾಳ್ಯದವರು. ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದು, ಅದು ಮುಚ್ಚಿದ ಮೇಲೆ ಇಲ್ಲಿ ಸಹಾಯಕಿಯಾಗಿ ಸೇರಿದ್ದರು. ಅಲ್ಲಿ ಒಂದು ಲಾಟು ಪೂರ್ತಿ ಆಚೆ ಹೋಗುವವರೆಗೆ ಚೂರು ಬಟ್ಟೆಯನ್ನೂ ಎಸೆಯುವಂತಿರಲಿಲ್ಲವಂತೆ. ಇಲ್ಲೂ ಹಾಗೇ: ನಾವು ಬೇಡವೆಂದ ಟ್ಯೂಬಿಗೂ ಹೆಸರು ಬರೆದು ಸಂಜೆಯವರೆಗೆ ಐಸಿನಲ್ಲಿಡುತ್ತಿದ್ದರು. ನಾನು ನಗುತ್ತಿದ್ದೆ.

ಸ್ತನದ ಅಂಗಾಂಶದಿಂದ, ಬೇರೆ ಕೋಶಗಳನ್ನು ಹುಟ್ಟಿಸಬಲ್ಲ ಕಾಂಡಕೋಶಗಳನ್ನು ಬೇರ್ಪಡಿಸುವುದು ನಮ್ಮ ಕೆಲಸ. ಆಪರೇಷನ್ನಿನಲ್ಲಿ ತೆಗೆದ ಚೂರನ್ನು ಯಾರೋ ಹೆಂಗಸು ಒಪ್ಪಿ ಕೊಟ್ಟಿರುತ್ತಾರೆ. ಅದನ್ನು ಬಿಡಿ ಕೋಶಗಳಾಗಿಸಿ ಆಂಟಿಬಾಡಿ ಬೆರೆಸುತ್ತೇವೆ. ಆಂಟಿಬಾಡಿ ತನಗೆ ಹೊಂದುವ ಕೋಶಕ್ಕೆ ಮಾತ್ರ ಅಂಟುತ್ತದೆ. ಅದರ ಜೊತೆ ಕಬ್ಬಿಣದ ಕಣವಿರುವುದರಿಂದ ಆಯಸ್ಕಾಂತ ಅಂಥವನ್ನು ಹಿಡಿದುಕೊಳ್ಳುತ್ತದೆ, ಉಳಿದವು ಕೆಳಗಿಳಿಯುತ್ತವೆ. ಮೊದಲ ಸುತ್ತಿನಲ್ಲಿ ಅಂಟುವುದು ರಕ್ತದ ಕೋಶಗಳು, ಅವು ಬೇಡ; ಕೆಳಗಿಳಿದದ್ದು ಬೇಕು. ಎರಡನೇ ಸುತ್ತಿಗೆ ಬೇರೆ ಆಂಟಿಬಾಡಿ, ಅಲ್ಲಿ ಅಂಟಿದ್ದೇ ಬೇಕು. ಕಣ್ಣಿಗೆ ಎರಡೂ ಬರೀ ಮಸುಕು ನೀರು.

ಎರಡು ತಿಂಗಳು ಕಾದ ಮೇಲೆ ಒಂದು ಚೂರು ಬಂತು. ಹಾಳಾದರೆ ಆ ವರ್ಷ ಇನ್ನೊಂದು ಸಿಗುವ ಭರವಸೆ ಇರಲಿಲ್ಲ. ನಾನು ಮೊದಲ ಸುತ್ತಿನಲ್ಲಿ ಕೆಳಗಿಳಿದದ್ದನ್ನು ತುಂಗಕ್ಕನ ಕೈಗೆ ಕೊಟ್ಟು, "ಇದು ಬೇಡ" ಎಂದೆ. ಅಂಟಿದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ನಮ್ಮ ಮುಖ್ಯಸ್ಥೆ ಜಲಜಾ ಮೇಡಂ ತಲೆ ಎತ್ತಿದರು.

"ಇದು ಬರೀ ರಕ್ತದ್ದು ಕಣೋ. ನಮ್ದೆಲ್ಲಿ?"

ನನ್ನ ತಲೆಯಲ್ಲಿ ಬೇಕು, ಬೇಡ ಎಲ್ಲ ಕಲಸಿಹೋಯಿತು.

"ಇಲ್ಲೈತೆ ಮೇಡಂ." ತುಂಗಕ್ಕ ಐಸಿನಿಂದ ಟ್ಯೂಬ್ ತೆಗೆದರು. ಮೇಲೆ ಅವರದೇ ಅಕ್ಷರ: 'ಸಾರ್ ಬೇಡ ಅಂದಿದ್ದು.'

ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮೂರಲ್ಲಿ ಜರಡಿ ಹಿಡಿಯಲ್ವಾ ಸಾರ್? ಹಿಟ್ಟಾದ್ರೆ ಕೆಳಗೆ ಬಿದ್ದಿದ್ದು ನಮ್ದು. ಅಕ್ಕಿಯಾದ್ರೆ ಮೇಲೆ ಉಳಿದಿದ್ದು ನಮ್ದು."

"ಗೊತ್ತಕ್ಕ. ಈಗ ಹಿಟ್ಟೋ ಅಕ್ಕಿಯೋ ಅನ್ನೋದೇ ಮರ್ತೋಯ್ತು."

"ಎಮ್ಮೆಸ್ಸೀಲಿ ಇನ್ನೇನು ಹೇಳ್ಕೊಟ್ರು?"

ಆ ಟ್ಯೂಬಿನಿಂದಲೇ ಎರಡನೇ ಸುತ್ತು ಮಾಡಿದೆವು. ಅಂಟಿದ್ದನ್ನು ಬೆಳೆಯಲು ತಟ್ಟೆಗೆ ಹಾಕಿಟ್ಟೆವು; ವಾರದ ಮೇಲೆ ಅದರಲ್ಲಿ ಕೋಶಗಳ ಸಣ್ಣ ಗುಂಪುಗಳು ಕಂಡವು. ಅವೆಲ್ಲ ನಿಜವಾಗಿ ಕಾಂಡಕೋಶಗಳೇ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಗೊಂದಲ.

ತುಂಗಕ್ಕ ಅದೇ ಲ್ಯಾಬಿನಲ್ಲಿದ್ದಾರೆ. ಪ್ರತಿ ಸುತ್ತಿಗೆ ಮೊದಲು ನನ್ನನ್ನು ಕೇಳಿ, ಟ್ಯೂಬುಗಳ ಮೇಲೆ ಹಿಟ್ಟು, ಅಕ್ಕಿ ಎಂದು ಬರೆದಿಡುತ್ತಾರೆ.