ಎರಡನೇ ಘಟಕ

ಚಿಕ್ಕಮಗಳೂರಿನಲ್ಲಿ ನನ್ನ ಜೊತೆ ಓದಿದ ಸುಪ್ರಿಯಾ ಈಗ ಮುಂಬೈಯ ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕೊಂದರಲ್ಲಿದ್ದಾಳೆ. ಕಂಪನಿಗಳನ್ನು ಕೊಳ್ಳುವವರಿಗೂ ಮಾರುವವರಿಗೂ ಬುದ್ಧಿ ಹೇಳುವುದು ಅಲ್ಲಿನವರ ಕೆಲಸ. ಆ ಕೆಲಸವನ್ನು ಅವರು ಹಂಚಿಕೊಳ್ಳುವ ರೀತಿ ಕೇಳಿದರೆ ನನಗೆ ಮೈ ಉರಿಯುತ್ತದೆ. ಒಬ್ಬರು ಬೆಲೆ ಕಟ್ಟುತ್ತಾರೆ, ಇನ್ನೊಬ್ಬರು ಖರ್ಚು ಎಲ್ಲಿ ಕತ್ತರಿಸಬಹುದೆಂದು ಹುಡುಕುತ್ತಾರೆ. ಕಿರಿಯರು ಬರೆದದ್ದನ್ನು ಹಿರಿಯರು ತಿದ್ದುತ್ತಾರೆ, ಗಿರಾಕಿಯ ಮುಂದೆ ಕೂತು ಮಾತಾಡುವವರು ತೀರಾ ಮೇಲಿನವರು. ಸುದ್ದಿ ಸೋರಬಾರದೆಂದು ಪ್ರತಿ ವ್ಯವಹಾರಕ್ಕೂ ಒಂದು ಸುಳ್ಳು ಹೆಸರು. ಎಂಥ ಅಚ್ಚುಕಟ್ಟು ನೋಡಿ, ಪಾಪವನ್ನೂ ಹಂಚಿಕೊಂಡಿರುತ್ತಾರೆ, ಯಾರ ಪಾಲಿಗೂ ಹೆಚ್ಚು ಬರುವುದಿಲ್ಲ.

ಹೋದ ವರ್ಷ ಅವಳಿಗೆ ಬಂದ ವ್ಯವಹಾರದ ಹೆಸರು ‘ಹಾರ್ನ್‌ಬಿಲ್’. ಯಾವುದೋ ಕಂಪನಿ ನಮ್ಮ ಕಡೆಯ, ಕಾಫಿ ಬೀಜ ಒಣಗಿಸಿ ಹೊಟ್ಟು ಬಿಡಿಸಿ ಹಸನು ಮಾಡುವ ಕೆಲವು ಕ್ಯೂರಿಂಗ್ ವರ್ಕ್ಸ್‌ಗಳನ್ನು ಕೊಳ್ಳಲು ಹೊರಟಿತ್ತು. ಅವಳ ಕೈಗೆ ಸಿಕ್ಕಿದ್ದು ಊರಿನ ಹೆಸರಾಗಲಿ ಯಜಮಾನರ ಹೆಸರಾಗಲಿ ಇಲ್ಲದ ಅಂಕಿಗಳು ಮಾತ್ರ, ಒಂದೊಂದು ವರ್ಕ್ಸ್‌ಗೂ ಒಂದು ಘಟಕ ಸಂಖ್ಯೆ. ಎರಡನೇ ಘಟಕದಲ್ಲಿ ಕೈಯಲ್ಲಿ ಕಾಳು ಆರಿಸುವ ಹೆಂಗಸರಿಗೆ ಕೊಡುವ ಸಂಬಳ ದಂಡ, ಕೊಂಡ ಮೇಲೆ ಮುಚ್ಚಿ ಜಾಗ ಮಾರುವುದೇ ಲಾಭ ಎಂದು ಬರೆದಳು. ಮೇಲಿನವರು ಬೆನ್ನು ತಟ್ಟಿದರು. ಆಮೇಲೆ ಆ ಘಟಕದ ಫೋಟೊಗಳು ಬಂದವು. ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ ಬೀಜ ಹರಡಿಸುತ್ತಾ ನಿಂತಿದ್ದ ಯಜಮಾನರು ಲಿಂಗಪ್ಪ, ಅಪ್ಪನಿಲ್ಲದ ಅವಳನ್ನು ಸಾಕಿ ಓದಿಸಿದ ದೊಡ್ಡಪ್ಪ.

ಇವರು ನಮ್ಮವರು ಎಂದು ಬ್ಯಾಂಕಿನಲ್ಲಿ ಹೇಳಿಕೊಂಡಳು. ಕೂಡಲೇ ಅವಳನ್ನು ಆ ಕೆಲಸದಿಂದ ತೆಗೆದರು. ಬರೆದದ್ದನ್ನು ತೆಗೆಯಲಿಲ್ಲ. ಹೊರಗೆ ಬಾಯಿಬಿಟ್ಟರೆ ನೌಕರಿ ಹೋಗುತ್ತದೆಂದೂ ಎಚ್ಚರಿಸಿದರು.

ಸ್ವಲ್ಪ ದಿನಕ್ಕೆ ದೊಡ್ಡಪ್ಪನ ಫೋನ್ ಬಂತು.

“ಕೊಳ್ಳೋರ ಕಡೆಯಿಂದ ನಿಮ್ಮ ಬ್ಯಾಂಕಿನವ್ರೇ ಬಂದಿದ್ರು ಸುಪ್ರಿ. ವರ್ಕ್ಸ್ ನಡೆಸ್ಕೊಂಡು ಹೋಗ್ತೀವಿ ಅಂದ್ರು. ನಂಬಬಹುದಾ?”

“ಅದ್ರ ಬಗ್ಗೆ ನಾನು ಮಾತಾಡೋ ಹಾಗಿಲ್ಲ ದೊಡ್ಡಪ್ಪ.”

“ಆಯ್ತು ಬಿಡು. ಕೆಟ್ಟದ್ದಾಗಿದ್ರೆ ನೀನು ಸುಮ್ನಿರ್ತಿದ್ಯಾ?”

ಅವಳು ಊಟ ಆಯ್ತಾ ಎಂದು ಕೇಳಿ ಫೋನ್ ಇಟ್ಟಳು. ಲಿಂಗಪ್ಪನವರು ಮರುವಾರವೇ ಸಹಿ ಹಾಕಿದರು.

ಈ ಸಲ ಕೊಯ್ಲು ಮುಗಿಯುವ ಮೊದಲೇ ವರ್ಕ್ಸ್ ಮುಚ್ಚಿತು. ಸುಪ್ರಿಯಾ ರಜೆಯಲ್ಲಿ ಬಂದಾಗ, ಅಲ್ಲಿ ಕಾಳು ಆರಿಸುತ್ತಲೇ ಮುದುಕಿಯಾದ ಸಿದ್ದಗಂಗಮ್ಮ ಜಗಲಿಯಲ್ಲಿ ಕೂತಿದ್ದರು. ದೊಡ್ಡಪ್ಪ ಅವರಿಗೆ ಸಮಾಧಾನ ಹೇಳುತ್ತಿದ್ದರು.

“ಮುಚ್ತಾರೆ ಅಂತ ನಮ್ಮ ಹುಡುಗಿಗೂ ಗೊತ್ತಿರ್ಲಿಲ್ಲ ಸಿದ್ದಗಂಗಮ್ಮ. ಗೊತ್ತಿದ್ರೆ ನಂಗೆ ಹೇಳ್ದೇ ಇರ್ತಿದ್ಲಾ?”

ಸಿದ್ದಗಂಗಮ್ಮ ಅವಳ ಮುಖ ನೋಡಿದರು. ಗೊತ್ತಿರಲಿಲ್ಲ ಎಂದು ಸುಪ್ರಿಯಾ ತಲೆಯಾಡಿಸಿದಳು. ಆ ಹೊತ್ತಿಗೆ ವ್ಯವಹಾರ ಮುಗಿದು ತಿಂಗಳುಗಳೇ ಆಗಿದ್ದವು, ನಿಜ ಹೇಳದಂತೆ ಅವಳನ್ನು ತಡೆಯುವವರು ಯಾರೂ ಇರಲಿಲ್ಲ.