ದಂಡಿನ ಹಿಂದೆ ಉಳಿದವನ ರೊಟ್ಟಿ

ಪುಣೆಯಿಂದ ವಿಜಯಪುರದ ಕಡೆ ನಮ್ಮ ಊರಿಗೆ ಹೋಗುವಾಗ ಇಂದಾಪುರದ ಹತ್ತಿರ ರಸ್ತೆ ಬದಿಗೆ ಒಂದು ಕಲ್ಲಿದೆ. ಹಿಂದೊಮ್ಮೆ ಒಂದು ಸೈನ್ಯ ಈ ಊರಿನ ಮೇಲೆ ಹಾದುಹೋಯಿತು, ಇಲ್ಲೇ ತಂಗಿತ್ತು ಎಂದು ಅದರ ಮೇಲೆ ಮರಾಠಿಯಲ್ಲಿ ಕೆತ್ತಿದ್ದಾರೆ. ಯಾರ ಸೈನ್ಯ, ಯಾವ ಕಾಲದ್ದು ಎಂಬ ಸಾಲುಗಳ ಮೇಲೆ ಯಾವುದೋ ಕೋಚಿಂಗ್ ಕ್ಲಾಸಿನ ಜಾಹೀರಾತು ಅಂಟಿಕೊಂಡಿದೆ. ಅದನ್ನು ಕೀಳಬೇಕೆಂದು ಯಾರಿಗೂ ಅನ್ನಿಸಿಲ್ಲ, ನಮಗೂ ಅನ್ನಿಸಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಸ್ವಾರಗೇಟಿನಿಂದ ಬಸ್ಸು ಹತ್ತಿ ಹೋಗುವಾಗ ಕಿಟಕಿಯಿಂದ ನೋಡುತ್ತಿದ್ದ ಕಲ್ಲು ಅದು. ಕಾರು ಬಂದ ಮೇಲೆ ಅದರ ಕಟ್ಟೆಯೇ ನಮ್ಮ ಊಟದ ಜಾಗವಾಯಿತು. ಬುತ್ತಿ ಬಿಚ್ಚಿ ನಾನು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟರೆ, ನಮ್ಮ ಮನೆಯವರು ಮೊದಲ ತುಂಡು ಮುರಿದು ಕಲ್ಲಿನ ಬುಡದಲ್ಲಿ ಇಡುತ್ತಿದ್ದರು.

“ಇಷ್ಟು ದೊಡ್ಡ ದಂಡು ಹೋತಂದ್ರ ಹಿಂದ ಒಬ್ಬನರೆ ಉಳದಿರ್ತಾನ ನೋಡ. ಕಾಲು ನೊಂದಿರ್ತಾವ, ಹಸದಿರ್ತಾನ. ಅವನ ಸುದ್ದಿ ಕಲ್ಲಿನ ಮ್ಯಾಲೆ ಯಾರ ಬರೀತಾರ?”

“ಅವ ಎಂದೋ ಮನಿ ಮುಟ್ಟ್ಯಾನ. ನೀವು ಉಣ್ರಿ,” ಎಂದು ನಾನು ಬೈಯುತ್ತಿದ್ದೆ. ಅನ್ನವನ್ನು ಹಾಗೆ ಮಣ್ಣಿನಲ್ಲಿ ಇಡುವುದು ನನಗೆ ಸೇರುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಅವರು ತಮ್ಮ ಬಟ್ಟೆ ಅಂಗಡಿಯಲ್ಲಿ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದವರು ಹಾಗೇ ಕುಸಿದು ಹೋಗಿಬಿಟ್ಟರು. ವಿಮಾನ ನಗರದ ನನ್ನ ಆಫೀಸಿಗೆ ಫೋನು ಬಂತು. ಕಂಪ್ಯೂಟರ್ ಆರಿಸಿ, ಕುರ್ಚಿ ಒಳಗೆ ತಳ್ಳಿ ಹೊರಟೆ. ಆಮೇಲೆ ಊರಿನಲ್ಲೂ ಅಷ್ಟೇ, ಹೇಳಿದ್ದನ್ನು ಮಾಡಿದೆ, ಕೊಟ್ಟಿದ್ದನ್ನು ಉಂಡೆ. ಉಪ್ಪು ಖಾರ ಒಂದೂ ತಿಳಿಯುತ್ತಿರಲಿಲ್ಲ. ಅಳು ಬರಲಿಲ್ಲ. ಹೆಂಗಸರು ನನ್ನ ಮುಖವನ್ನೇ ಕಾಯುತ್ತಿದ್ದರು.

“ಒಮ್ಮೆ ಅತ್ತ ಬಿಡವಾ. ಇಲ್ಲಾಂದ್ರ ಎದಿ ಒಡೀತದ,” ಎಂದರು ಅತ್ತೆ. ಬರದಿದ್ದರೆ ಎಲ್ಲಿಂದ ತರಲಿ?

ಹತ್ತನೇ ದಿನ ಪಿಂಡ ಇಟ್ಟು ಎಲ್ಲರೂ ದೂರ ಸರಿದು ನಿಂತೆವು. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಆಗ ಮನೆಮಂದಿ ಒಬ್ಬೊಬ್ಬರಾಗಿ ಮುಂದೆ ಬಂದು, ನಾವು ನೋಡಿಕೊಳ್ಳುತ್ತೇವೆ ಎಂದು ಮಾತು ಕೊಡಬೇಕು. ನನ್ನ ಮಾತನ್ನು ನಾನೂ ಯೋಚಿಸಿಟ್ಟುಕೊಂಡಿದ್ದೆ. ನಾವು ಇನ್ನೂ ಸರಿಯಾಗಿ ನಿಂತೇ ಇರಲಿಲ್ಲ, ಕಾಗೆ ಬಂದು ತಿಂದುಹೋಯಿತು.

“ಪುಣ್ಯಾತ್ಮ. ಏನೂ ಆಸೆ ಇಟ್ಕೊಂಡಿದ್ದಿಲ್ಲ,” ಎಂದು ಎಲ್ಲರಿಗೂ ಸಮಾಧಾನ. ನನಗೆ ಸಿಟ್ಟು ಬಂತು. ಏನೂ ಅಂದರೆ ಏನೂ ಇರಲಿಲ್ಲವೇ? ನನ್ನ ಕಡೆಗೂ ಒಮ್ಮೆ ತಿರುಗಿ ನೋಡುವಷ್ಟು? ಆ ಸಿಟ್ಟೂ ಮಧ್ಯಾಹ್ನದ ಊಟದ ಹೊತ್ತಿಗೆ ತಣ್ಣಗಾಯಿತು.

ಕಾರ್ಯವೆಲ್ಲ ಮುಗಿದ ಮೇಲೆ ಮೈದುನ ನನ್ನನ್ನು ಪುಣೆಗೆ ಬಿಡಲು ಹೊರಟರು. ಕಾರು ಸೊಲ್ಲಾಪುರ ದಾಟಿತು. ಇಂದಾಪುರದ ಹತ್ತಿರ ಕಲ್ಲು ಕಂಡಿತು.

“ಇಲ್ಲೇ ನಿಲ್ಲಸ್ರಿ,” ಎಂದೆ.

“ಮುಂದ ಛಲೋ ಹೋಟೆಲ್ ಅದ, ವೈನಿ. ನೆರಳರೆ ಇರ್ತದ.”

“ಬುತ್ತಿ ಅದಲ್ರಿ.”

ಮೈದುನ ಕಲ್ಲಿನ ಮುಂದೆ ನಿಂತು ಅಕ್ಷರ ಕೂಡಿಸಿ ಓದಿದರು. “ದಂಡು ಹಾದು ಹೋಗಿದ್ದಕ್ಕೂ ಕಲ್ಲು ಹಾಕ್ಯಾರಲ್ಲ!” ಎಂದು ನಕ್ಕು, ನಕ್ಕಿದ್ದು ತಪ್ಪಾಯಿತೇನೋ ಎಂಬಂತೆ ನನ್ನನ್ನು ನೋಡಿದರು.

ರೊಟ್ಟಿಗೆ ಚಟ್ನಿ ಹಚ್ಚಿದೆ. ಮೊದಲ ತುಂಡನ್ನು ಕೈ ತಾನಾಗಿಯೇ ಮುರಿದು ಕಲ್ಲಿನ ಬುಡದಲ್ಲಿ ಇಟ್ಟಿತು. ಕಟ್ಟೆಯ ಮೇಲೆ ಕೂತೆ. ಕಬ್ಬಿನ ಟ್ರಾಕ್ಟರುಗಳು, ಲಾರಿಗಳು ಹೋದವು. ಕಾಗೆ ಬರಲಿಲ್ಲ, ನಾಯಿಯೂ ಬರಲಿಲ್ಲ. ನಾನು ಆ ತುಂಡನ್ನೇ ನೋಡುತ್ತಿದ್ದೆ. ನಮ್ಮ ಮನೆಯವರು ಹಿಂದೆ ಉಳಿದವರಲ್ಲ, ಎಲ್ಲರಿಗಿಂತ ಮುಂದೆ ಹೋದವರು. ನನ್ನ ಕಾಲು ನೋಯುತ್ತಿದ್ದವು. ಹಸಿವಾಗಿತ್ತು.

ಬಗ್ಗಿ ತುಂಡನ್ನು ಎತ್ತಿಕೊಂಡೆ, ಸೆರಗಿನಿಂದ ಮಣ್ಣು ಒರೆಸಿ ಬಾಯಿಗೆ ಹಾಕಿಕೊಂಡೆ. ಚಟ್ನಿಯ ಖಾರ ನಾಲಿಗೆಗೆ ಹತ್ತಿತು, ಕಣ್ಣಲ್ಲಿ ನೀರು ಬಂತು. ಅದು ನಿಲ್ಲಲಿಲ್ಲ.

ಮೈದುನ ಗಾಬರಿಯಾಗಿ ನೀರಿನ ಬಾಟಲಿ ಚಾಚಿದರು. “ಭಾಳ ಖಾರ ಆಗೇದೇನ್ರಿ, ವೈನಿ?”

“ಹೌದ್ರಿ,” ಎಂದು ಇನ್ನೊಂದು ತುಂಡು ಮುರಿದುಕೊಂಡೆ.