ಪಿಯಾನೋಗೆ ಬಿಟ್ಟ ಎಣ್ಣೆ

ಮೊನ್ನೆ ಆಯುಧಪೂಜೆಯ ಬೆಳಿಗ್ಗೆ ಸೊಸೆ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಲಷ್ಕರ್ ಮೊಹಲ್ಲಾದ ನಮ್ಮ ಹಳೇ ವಠಾರದಲ್ಲಿದ್ದೆ. ಪಕ್ಕದ ಮನೆಯ ಪಿಯಾನೋ ಮೇಷ್ಟ್ರು, ಅವರ ಅಕ್ಕ...

ನಾನು ಆ ವಠಾರಕ್ಕೆ ಸೊಸೆಯಾಗಿ ಬಂದದ್ದು ಸ್ವಾತಂತ್ರ್ಯ ಬಂದ ಹೊಸತರಲ್ಲಿ. ಮೇಷ್ಟ್ರಿಗೆ ಮಗುವಾಗಿದ್ದಾಗಲೇ ಸಿಡುಬಿನಿಂದ ಎರಡೂ ಕಣ್ಣು ಹೋಗಿದ್ದವು. ಪಾದ್ರಿಗಳ ಶಾಲೆಯಲ್ಲಿ ಪಿಯಾನೋ ಕಲಿತು, ಬಿಳೀ ದೊರೆಗಳ ಕ್ಲಬ್ಬಿನಲ್ಲಿ ಅವರ ಕುಣಿತಕ್ಕೆ ಜಾಜ್ ನುಡಿಸುತ್ತಿದ್ದರಂತೆ. ದೊರೆಗಳು ಗಂಟುಮೂಟೆ ಕಟ್ಟಿದರು, ಕುಣಿತ ನಿಂತಿತು. ಹಳೇ ಪಿಯಾನೋವನ್ನೂ ಒಂದಿಷ್ಟು ರೆಕಾರ್ಡುಗಳನ್ನೂ ಇವರಿಗೇ ಬಿಟ್ಟುಹೋದರು. ಆ ರೆಕಾರ್ಡುಗಳಲ್ಲೊಂದು ಕ್ಯೂಬಾ ದೇಶದ ಪಿಯಾನೋ ವಾದಕನದು. ಅವನೂ ಕುರುಡನಂತೆ.

"ಸಮುದ್ರದಾಚೆ ನನ್ನಂಥೋನು ಒಬ್ಬ ಇದಾನೆ ಕಣಮ್ಮ," ಎಂದು ನನಗೆ ಎಷ್ಟು ಸಲ ಹೇಳಿದ್ದರೋ. ಆ ರೆಕಾರ್ಡನ್ನು ಕೇಳಿ ಕೇಳಿ ಹಾಗೇ ನುಡಿಸುವರು. ನನಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ, ನಿಜ ಹೇಳುತ್ತೇನೆ. ಆದರೂ ಸಾರಿಗೆ ಒಗ್ಗರಣೆ ಹಾಕುತ್ತಿದ್ದರೆ ಕಾಲು ತಾನಾಗಿ ತಾಳ ಹಾಕುತ್ತಿತ್ತು.

ಮನೆ ನಡೆಯುತ್ತಿದ್ದುದು ಅಕ್ಕನ ಹೊಲಿಗೆಯಿಂದ. ಮದುವೆ ಬೇಡವೆಂದು ಆಕೆ ಉಳಿದದ್ದೂ ಈ ತಮ್ಮನಿಗಾಗಿಯೇ. ಈ ವಯಸ್ಸಲ್ಲೂ ಅಕ್ಕನ ದುಡಿಮೆಯ ಅನ್ನ ತಿನ್ನಬೇಕಲ್ಲ ಎಂದು ಮೇಷ್ಟ್ರು ಕೊರಗುತ್ತಿದ್ದರು. ಕೊನೆಗೊಂದು ದಸರೆಗೆ ದಾರಿ ಕಂಡಿತು. ಪಂಜಿನ ಕವಾಯತು ನೋಡಲು ಬರಲಿದ್ದ ಊಟಿಯ ಹೋಟೆಲ್ ಮಾಲೀಕರೊಬ್ಬರು, ವಿಜಯದಶಮಿಯ ಮಧ್ಯಾಹ್ನ ಮನೆಗೇ ಬಂದು ಪಿಯಾನೋ ಕೇಳುತ್ತೇನೆ, ಹಿಡಿಸಿದರೆ ಕೆಲಸ ಕೊಡುತ್ತೇನೆ ಎಂದು ಹೇಳಿಕಳಿಸಿದ್ದರು.

ಹಿಂದಿನ ದಿನ ಆಯುಧಪೂಜೆ. ಮೇಷ್ಟ್ರು ಬೆಳಿಗ್ಗೆಯೇ ಕ್ಷೌರಕ್ಕೆ ಹೋದರು. ಬರುವಷ್ಟರಲ್ಲಿ ಅಕ್ಕ ಪೂಜೆ ಮುಗಿಸಿದ್ದರು. ತಮ್ಮ ಹೊಲಿಗೆ ಮಿಷನ್ನಿಗೆ ಮಾಡಿದ್ದನ್ನೆಲ್ಲ ಪಿಯಾನೋಗೂ ಮಾಡಿದ್ದರು. ಮುಚ್ಚಳ ತೆಗೆದು ಒರೆಸಿ, ಕಂಡ ಕಂಡ ಸಂದಿಗೆಲ್ಲ ಎಣ್ಣೆ ಬಿಟ್ಟು, ಕುಂಕುಮ ಇಟ್ಟು, ಚೆಂಡುಹೂ ಏರಿಸಿದ್ದರು. ಕುಂಕುಮಕ್ಕೆಂದು ಹೋಗಿದ್ದ ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮೇಷ್ಟ್ರು ಹೊಸ್ತಿಲಲ್ಲೇ ವಾಸನೆ ಹಿಡಿದು ನಿಂತರು. ಆಮೇಲೆ ಪಿಯಾನೋ ಕಡೆ ಕೈ ಚಾಚಿದರು.

"ಇವತ್ತು ಮುಟ್ಬಾರ್ದು ಕಣಪ್ಪ, ನಾಳೆ ಮುಟ್ಟೀಯಂತೆ," ಎಂದು ಅಕ್ಕ ಪ್ರಸಾದ ತರಲು ಒಳಗೆ ಹೋದರು.

ಮೇಷ್ಟ್ರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಎಣ್ಣೆ ಎಷ್ಟು ಬಿಟ್ಟಿದಾರಮ್ಮ?"

"ಕೆಳಗೆ ತೊಟ್ಟಿಕ್ತಾ ಇದೆ ಮೇಷ್ಟ್ರೇ."

ಅವರು ಗೋಡೆ ಹಿಡಿದು ಕೂತರು. ಒಳಗೆ ತಂತಿ ಬಡಿಯುವ ಸುತ್ತಿಗೆಗಳಿಗೆ ಉಣ್ಣೆ ಹೊದಿಸಿರುತ್ತಾರಂತೆ, ಅದು ಎಣ್ಣೆ ಕುಡಿದರೆ ಮುಗಿಯಿತಂತೆ. ಅಕ್ಕನಿಗೆ ಮಾತ್ರ ಹೇಳಬೇಡ ಎಂದು ನನಗೆ ಕೈ ಮುಗಿದರು. ಅಯ್ಯೋ ದೇವರೇ, ಯಾರನ್ನು ಬೈಯಲಿ? ತಮ್ಮನಿಗೆ ಒಳ್ಳೆಯದಾಗಲೆಂದು ಮಾಡಿದ ಪೂಜೆ ಅದು.

ಮಾರನೇ ದಿನ ಮಾಲೀಕರು ಬಂದರು. ಮೇಷ್ಟ್ರು ಕ್ಯೂಬಾದವನ ಮಟ್ಟನ್ನೇ ಎತ್ತಿಕೊಂಡರು. ಗೋಣಿಚೀಲ ಬಡಿದ ಹಾಗೆ ಸದ್ದು. ಒತ್ತಿದ ಕೀ ಮೇಲೇಳದೆ ಅಲ್ಲೇ ಕೂತುಬಿಡುತ್ತಿತ್ತು, ಅದನ್ನು ಉಗುರಿನಿಂದ ಎತ್ತಿ ಎತ್ತಿ ಕೊನೆಯವರೆಗೂ ನುಡಿಸಿದರು. ಮಾಲೀಕರು ಹೋಳಿಗೆ ತಿಂದು, ಕವಾಯತಿಗೆ ಹೊತ್ತಾಯಿತೆಂದು ಬನ್ನಿಮಂಟಪಕ್ಕೆ ಹೊರಟರು. ಕೆಲಸದ ಮಾತೇ ಎತ್ತಲಿಲ್ಲ.

"ನೋಡ್ದಾ, ಎಣ್ಣೆ ಬಿಟ್ಟಿದ್ದಕ್ಕೆ ಒಂಚೂರೂ ಕಿರ್ ಅನ್ನಲಿಲ್ಲ," ಅಂದರು ಅಕ್ಕ.

"ಹೌದಕ್ಕ," ಅಂದರು ಮೇಷ್ಟ್ರು.

ಆಮೇಲೆ ಮೇಷ್ಟ್ರು ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಟ್ಟುಕೊಂಡು ಕಾಲ ಹಾಕಿದರು. ಅಕ್ಕ ವರ್ಷವರ್ಷವೂ ಪಿಯಾನೋಗೆ ಎಣ್ಣೆ ಬಿಡುತ್ತಲೇ ಹೋದರು. ಅರವತ್ತರ ದಶಕದಲ್ಲಿ ಅಕ್ಕ ತೀರಿಕೊಂಡರು. ವರ್ಷ ಕಳೆದ ಮೇಲೆ ಬಂದ ಆಯುಧಪೂಜೆಗೆ ಮೇಷ್ಟ್ರು ನನ್ನನ್ನು ಕರೆದು, ಎಣ್ಣೆ ಕುಪ್ಪಿ ಎಲ್ಲಿದೆ ನೋಡಮ್ಮ ಅಂದರು. ಕೊಟ್ಟೆ. ತಡವಿ ತಡವಿ, ಒಂದು ಸಂದಿಯನ್ನೂ ಬಿಡದೆ ಎಣ್ಣೆ ಬಿಟ್ಟರು. ನನಗೆ ತಡೆಯಲಾಗಲಿಲ್ಲ, ಇನ್ನೂ ಯಾಕೆ ಮೇಷ್ಟ್ರೇ ಅಂದೆ.

"ಅಕ್ಕ ಬಿಡ್ತಿದ್ರಲ್ಲಮ್ಮ."

ಮೇಷ್ಟ್ರೂ ಹೋಗಿ ಎಷ್ಟೋ ಕಾಲವಾಯಿತು. ಆ ಪಿಯಾನೋ ಏನಾಯಿತೋ ತಿಳಿಯದು... "ಇಷ್ಟು ಸಾಕಾ ಅತ್ತೆ?" ಎಂದು ಸೊಸೆ ಕುಪ್ಪಿ ಹಿಡಿದು ಕೇಳುತ್ತಿದ್ದಳು. ನೆಲಕ್ಕೆ ತೊಟ್ಟಿಕ್ಕಿದ್ದನ್ನು ಬಗ್ಗಿ ಸೆರಗಿನಿಂದಲೇ ಒರೆಸಿದೆ.